ಮೂವತ್ತೆಂಟು ಗ್ರಾಂ

ಸ್ಟೀರಿಂಗಿನ ಕೆಳಗೆ ವೈರು ಚುಚ್ಚಿ ಕಾದೆ.
ಪರದೆಯ ಮೇಲೆ ಅಂಕಿ ತಡವರಿಸಿ, ನಿಂತಿತು.
ಮೂವತ್ತೆಂಟು ಗ್ರಾಂ ಮಸಿ, ಅಂದೆ, ಫಿಲ್ಟರಿನಲ್ಲಿ.
ಆಲೋಯ್ಜಿ ಕೋಪೆಟ್ಸ್ ಟೋಪಿ ತೆಗೆದು ಎದೆಗೊತ್ತಿ ಹಿಡಿದಿದ್ದರು,
ಡಾಕ್ಟರ ಎದುರು ಹಿಡಿಯುವ ಹಾಗೆ.
"ಅಷ್ಟೇನಾ?"

ಬಿಟೊಮಿನ ನೆಲದಡಿ, ಎಂಟುನೂರು ಮೀಟರಿನಾಳದಲ್ಲಿ
ಮೂವತ್ತೊಂದು ವರ್ಷ ಕಲ್ಲಿದ್ದಲು ಅಗೆದವರು.
ಒಂದು ಹಿಡಿ ಮಸಿ ಅವರಿಗೆ ಯಾವ ಲೆಕ್ಕ?
ಭಾನುವಾರ ಚರ್ಚಿನಲ್ಲಿ ಕೆಮ್ಮಿದರೆ
ಕರವಸ್ತ್ರಕ್ಕೇ ಅದಕ್ಕಿಂತ ಹೆಚ್ಚು ಬರುತ್ತಿತ್ತಂತೆ.

ದಿನಕ್ಕೆಷ್ಟು ಓಡಿಸುತ್ತೀರಿ?
"ಹೋಗುವುದು ನಾಲ್ಕು ಕಿಲೋಮೀಟರು, ಬರುವುದು ನಾಲ್ಕು.
ಸೋಮವಾರ, ಬುಧವಾರ, ಶುಕ್ರವಾರ.
ಒಟೀಲಿಯಾಳ ಡಯಾಲಿಸಿಸ್."
ರಕ್ತ ಸೋಸಿ ಮುಗಿಯಲು ನಾಲ್ಕು ಗಂಟೆ.
ಹೊರಗೆ ಬರುವಾಗ ಅವಳಿಗೆ ಹಲ್ಲು ಕಡಿಯುವಷ್ಟು ಚಳಿ.
ಅದಕ್ಕೇ ಕೊನೆಯ ಒಂದು ಗಂಟೆ
ಬಾಗಿಲ ಬಳಿಯೇ ಎಂಜಿನ್ ಚಾಲೂ ಇಟ್ಟು ಕೂರುತ್ತಾರೆ,
ಸೀಟು ಬೆಚ್ಚಗಿರಲಿ ಅಂತ.

ಎಂಜಿನ್ನಿಗೆ ಆಗದಿರುವುದು ಸರಿಯಾಗಿ ಅದೇ.
ನಿಂತಲ್ಲೇ ಗುರುಗುಟ್ಟುವುದು, ಕಾಯುವ ಮೊದಲೇ ಆರುವುದು.
ಹೇಳಬೇಕಿತ್ತು.
ವೈರು ಸುತ್ತಿಟ್ಟೆ.

ಲಿಫ್ಟಿನಡಿಯಿಂದ ಮೈದುನ ಗೆರಾರ್ಡ್ ತಲೆ ತೂರಿಸಿದ:
"ಕೊಯ್ದು ಬಿಸಾಕೋಣ. ಡಬ್ಬಿ ಹಾಗೇ ಇರಲಿ, ಒಳಗೆ ಟೊಳ್ಳು.
ಕಂಪ್ಯೂಟರಿಗೊಂದು ಸುಳ್ಳು ಕಲಿಸಿದರೆ ಮುಗೀತು.
ಒಂಬೈನೂರು ಝ್ಲೋಟಿ. ಊಟದ ಹೊತ್ತಿಗೆ ಗಾಡಿ ರೆಡಿ."
ಈ ಬೀದಿಯಲ್ಲಿ ಹಾಗೆ ಹೊಟ್ಟೆ ಬಗೆಸಿಕೊಂಡ ಕಾರುಗಳುಂಟು.
ಒಂದೆರಡನ್ನು ನಾನೇ ಬಗೆದಿದ್ದೇನೆ,
ಬಾಡಿಗೆ ಕಟ್ಟಲಾಗದ ಚಳಿಗಾಲದಲ್ಲಿ.

"ಸೋಸುವುದನ್ನೇ ಕಿತ್ತರೆ ಮಸಿ ಎಲ್ಲಿಗೆ ಹೋಗುತ್ತದೆ?"
ಗೆರಾರ್ಡ್ ಸ್ಪ್ಯಾನರಿನಿಂದ ಬೀದಿ ತೋರಿಸಿದ.
ಮುದುಕರು ಆ ಕಡೆ ನೋಡುತ್ತ ನಿಂತರು.
"ನನ್ನವಳು ಮದುವೆಯಾದಾಗಿನಿಂದ ದಿನಕ್ಕೆರಡು ಸಲ ಕಿಟಕಿ ಒರೆಸಿದಳು.
ಗಣಿ ಮುಚ್ಚಿದ ವರ್ಷ ನಾವೆಲ್ಲ ಕುಡಿದು ಅತ್ತೆವು,
ಅವಳು ಹೋಗಿ ಬಿಳಿ ಪರದೆ ಕೊಂಡು ತಂದಳು."
ಟೋಪಿ ಹಾಕಿಕೊಂಡರು. "ಬೇರೆ ದಾರಿ ಹೇಳಮ್ಮ."

ಇಜಿಆರ್ ವಾಲ್ವು ಬಿಚ್ಚಿದೆ. ಒಳಗೆ
ಹಳೆಯ ಅಡುಗೆಮನೆಯ ಇಲ್ಲಣದಂಥ ಜಿಗುಟು ಕಪ್ಪು,
ಗಾಳಿ ನುಗ್ಗುವ ಜಾಗ ಕಿರುಬೆರಳಷ್ಟು.
ಕೆರೆದೆ, ತೊಳೆದೆ, ಮತ್ತೆ ಕೆರೆದೆ.
ಡೀಸೆಲ್ ಬೆರೆತು ನೀರಾದ ಎಂಜಿನ್ ಎಣ್ಣೆ ಬದಲಿಸಿದೆ.
ಬಿಲ್ಲಿನ ಬೆನ್ನಿಗೆ ಬರೆದುಕೊಟ್ಟೆ:
ಓಪೊಲೆಯ ಹೆದ್ದಾರಿ. ನಾಲ್ಕನೇ ಗೇರು.
ಮುಳ್ಳು ಎರಡೂವರೆ ಸಾವಿರಕ್ಕಿಂತ ಇಳಿಯಕೂಡದು.
ನಲವತ್ತು ನಿಮಿಷ ಎಲ್ಲೂ ನಿಲ್ಲಿಸಬೇಡಿ.
ಸುಟ್ಟ ವಾಸನೆ ಬಂದರೆ ಹೆದರಬೇಡಿ, ಒಳಗೆ ಉರಿಯುತ್ತಿದೆ ಅಂತ.

ಸೋಮವಾರ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಇಬ್ಬರೂ ಬಂದರು.
ಪರದೆಯ ಮೇಲೆ ಒಂಬತ್ತು.
ಒಟೀಲಿಯ ಮುಂದಿನ ಸೀಟಿನಲ್ಲೇ ಕೂತು ನಿಂಬೆಯ ಹೋಳು ಚೀಪುತ್ತಿದ್ದರು,
ಅವರಿಗೆ ನೀರೂ ಲೋಟದ ಅಳತೆ.
"ಇಪ್ಪತ್ತೈದು ನಿಮಿಷಕ್ಕೇ ಹಳದಿ ದೀಪ ಆರಿತು ಮಗಳೇ.
ಇವರು ಹೇಳಲಿಲ್ಲ. ನಾನೂ ನೋಡಲಿಲ್ಲ.
ಬ್ಝೆಗ್ ತನಕ ಹೋದೆವು.
ಎರಡು ವರ್ಷದಲ್ಲಿ ನಾನು ಕಂಡ ಮೊದಲ ಹೊಲ.
ಸಾಸಿವೆ ಹೂ, ಕಣ್ಣು ಚುಚ್ಚುವಷ್ಟು."
ಆಲೋಯ್ಜಿ ಟೈರಿನ ಗಾಳಿ ನೋಡಲು ಬಗ್ಗಿದರು.

"ಮತ್ತೆ ಯಾವಾಗ ತುಂಬುತ್ತದೆ?"
ನೀವು ಓಡಿಸುವ ಲೆಕ್ಕಕ್ಕೆ, ಅಂದೆ, ಮೂರು ವಾರ.
ಕೈಚೀಲದಿಂದ ಆಸ್ಪತ್ರೆಯ ಕಾರ್ಡು ತೆಗೆದು
ಬೆರಳು ಮಡಿಸಿ ಎಣಿಸಿದರು, ಒಂದು ಶನಿವಾರ ತೋರಿಸಿದರು,
ಬರೆ ಅಂದರು.
ಬರೆದೆ. ಪಕ್ಕದಲ್ಲಿ ನನ್ನ ಹೆಬ್ಬೆಟ್ಟಿನ ಕಪ್ಪು ಅಚ್ಚು ಬಿತ್ತು.
ಒರೆಸಲು ಬಟ್ಟೆ ಹುಡುಕಿದೆ.
"ಇರಲಿ ಬಿಡು," ಅಂದರು, "ಹೊತ್ತಾಯಿತು."